ಮೇನ್ ಆರಿಸಿದ ಮೇಲೂ ನಿಲ್ಲದ ಸದ್ದು

೨೦೦೩ರ ಮಾರ್ಚ್, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಬಸವಕಲ್ಯಾಣದ ನಮ್ಮ ಮನೆಯ ದೇವರ ಕೋಣೆಯಲ್ಲಿ ನಾನು, ನನ್ನ ಹೆಂಡತಿ, ಸೊಂಟ ಮುರಿದು ಮಂಚದ ಮೇಲಿದ್ದ ಅವ್ವ. ಗೋಡೆಯಲ್ಲಿನ ದೇವರ ಮಾಡದ ಹಲಗೆಯ ಹಿಂದಿನಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು ಬಂತು. ಜೊತೆಗೆ ಸುಟ್ಟ ವಾಸನೆ.

ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಫ್ಯಾನು ನಿಂತಿತು. ಸದ್ದು ನಿಲ್ಲಲಿಲ್ಲ. ಮಾಡದ ಕೆಂಪು ಬಲ್ಬು ಉರಿಯುತ್ತಲೇ ಇತ್ತು.

ಮನೆ ಬಿಟ್ಟು ಹೊರಡುವಾಗ ಮೇನ್ ಆರಿಸುವುದು ನನ್ನ ನಿಯಮ. ದೇವರ ದೀಪ ಆರಬಾರದು ಎಂಬುದು ಅವ್ವನದು. ಎರಡೂ ಉಳಿಯಲೆಂದು ಹತ್ತು ವರ್ಷದ ಹಿಂದೆ ಬಲ್ಬಿನ ವಯರನ್ನು ಮೇನ್‌ಗಿಂತ ಮೊದಲೇ, ಮೀಟರಿನ ಕಡೆ, ನಾನೇ ಜೋಡಿಸಿದ್ದೆ.

"ಅತ್ತಿನ್ನ ಮಂಚ ಸಮೇತ ಹೊರಗ ಒಯ್ಯೋಣ್ರಿ" ಎಂದು ಹೆಂಡತಿ ಒಂದು ಕಡೆ ಎತ್ತಿದಳು. ಕೋಣೆಯೊಳಗೇ ಜೋಡಿಸಿದ್ದ ಮಂಚ ಬಾಗಿಲಲ್ಲಿ ಹಿಡಿಯಲಿಲ್ಲ. ನಾಲ್ಕು ಬೆರಳು ಅಗಲ ಹೆಚ್ಚು. ಅವ್ವ ನೋವಿಗೆ ಚೀರಿದಳು. ನಾನು ಪಡಸಾಲೆಗೆ ಓಡಿ, ಸ್ಟೂಲು ಹತ್ತಿ, ಮೀಟರಿನ ಬಳಿಯ ಫ್ಯೂಸ್ ಕಿತ್ತೆ. ಆಗ ಸದ್ದು ನಿಂತಿತು.

ಹುಮನಾಬಾದಿನಿಂದ ಪರಿಚಯದ ಮಿಸ್ತ್ರಿ ಮಧ್ಯಾಹ್ನದ ಬಸ್ಸಿಗೆ ಬಂದ. ಹಲಗೆ ಬಿಚ್ಚಿದ. ಜೋಡಣೆಯ ಟೇಪು ಎಣ್ಣೆಮಸಿಯಲ್ಲಿ ಕರಗಿತ್ತು; ಹಲಗೆಯ ಹಿಂಬದಿ ಅಂಗೈಯಗಲ ಇದ್ದಿಲಾಗಿತ್ತು.

"ಈ ಉಸ್ತಾದಿ ಯಾರದ್ರಿ?"

"ನಿನ್ನ ಎದುರಿಗೇ ನಿಂತಾರ ನೋಡಪ್ಪ" ಎಂದಳು ಹೆಂಡತಿ.

"ಫ್ಯೂಸ್ ಯಾಕ ಹೋಗಲಿಲ್ಲ?" ಎಂದು ಮಾತು ತಿರುಗಿಸಿದೆ.

"ಕಿಡಿಗಿ ಭಾಳ ಕರೆಂಟ್ ಬೇಕಾಗಲ್ರಿ ಕಾಕಾ. ಮನಿ ಸುಟ್ರೂ ಫ್ಯೂಸಿಗಿ ಖಬರ್ ಇರಲ್ಲ."

ಈಗ ಕಿಡಿಯನ್ನೇ ಗುರುತಿಸಿ ಕರೆಂಟ್ ಕಡಿಯುವ ಸಾಧನ ಬಂದಿದೆ. ಮನೆಗೆ ಬೇಕೇ ಎಂದು ಕೇಳುವವರಿಗೆ ಬೇಕು ಎನ್ನುತ್ತೇನೆ. ಆದರೆ ಅಂದು ಅದು ನಮ್ಮಲ್ಲಿದ್ದರೂ ಮೇನ್‌ನ ಈಚೆ, ಮನೆಯ ಕಡೆ, ಕೂತಿರುತ್ತಿತ್ತು. ನನ್ನ ಕಿಡಿ ಅದರ ಆಚೆ, ಮೀಟರಿನ ಕಡೆ, ಇತ್ತು.

ಮಿಸ್ತ್ರಿ ಬಲ್ಬನ್ನು ಮೇನ್‌ನ ಈಚೆ ಹೊಸ ವಯರಿನಿಂದ ಜೋಡಿಸಿ, ಫ್ಯೂಸನ್ನೂ ಮೇನನ್ನೂ ಮತ್ತೆ ಹಾಕಿದ.

"ನನ್ನ ಕೇಳಲಾರದೆ ಜೋಡಿಸ್ದಿ, ನನ್ನ ಕೇಳಲಾರದೆ ಆರಿಸ್ದಿ" ಎಂದಳು ಅವ್ವ.

"ಬೆಂಕಿ ಹತ್ತಿದ್ರ ನಿನ್ನ ಮಂಚ ಬಾಗಿಲದಾಗ ಹಿಡಿಯಲ್ಲವ್ವ."

ಅವಳು ಸುಟ್ಟ ಹಲಗೆಯನ್ನು ನೋಡಿದಳು. "ಮೇನ್ ಬಂದ್ ಮಾಡಿ ತೋರ್ಸು."

ಆರಿಸಿದೆ. ಕೆಂಪು ಬಲ್ಬು ಆರಿತು.

ಸಂಜೆ ಆರಕ್ಕೆ ಪಕ್ಕದ ಮನೆಯಿಂದ ಕಿರಿದಾದ ಮಂಚ ತಂದೆವು. ಖಾಲಿ ಮಂಚವನ್ನು ಎರಡು ಸಲ ಬಾಗಿಲ ಹೊರಗೂ ಒಳಗೂ ಒಯ್ದು ನೋಡಿ, ಆಮೇಲೆ ಅವ್ವನನ್ನು ಹಾಸಿಗೆ ಸಮೇತ ಎತ್ತಿ ಅದರ ಮೇಲೆ ಮಲಗಿಸಿದೆವು.