ಟಿವಿಯ ಮೇಲೆ ಬಂದ ಮೆಸೇಜು

ಲ್ಯಾಪ್‌ಟಾಪಿನ ಪರದೆಯ ಬಲಮೂಲೆಯಲ್ಲಿ ಗಂಟೆಯಾಕಾರದ ಸಣ್ಣ ಗುರುತೊಂದಿತ್ತು. ಅದನ್ನು ಒತ್ತಿದ್ದರೆ ಆಟದ ನಡುವೆ ಮೆಸೇಜುಗಳು ಕಾಣಿಸುತ್ತಿರಲಿಲ್ಲ. ನಾನು ಒತ್ತಲಿಲ್ಲ. ಮರೆತು ಅಲ್ಲ ಅಣ್ಣ — ಬೇಕೆಂದೇ.

ಆ ಭಾನುವಾರ ಯಲಹಂಕದಿಂದ ಕಿರಣನ ಮನೆಯವರು ಬಂದಿದ್ದರು, ನನ್ನ ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಲು. ನೀನೂ ಕಿರಣನೂ ಇಬ್ಬರೂ ಕಂಪ್ಯೂಟರ್ ಆಟದ ಹುಚ್ಚರೆಂದು ತಿಳಿದು ಅಪ್ಪನಿಗೆ ಖುಷಿಯೋ ಖುಷಿ. "ರೂಮಲ್ಲಿ ಬಾಗಿಲು ಹಾಕ್ಕೊಂಡ್ ಆಡ್ಬೇಡ್ರಪ್ಪಾ. ಹಾಲಲ್ಲಿ ಟಿವಿಗೇ ಹಾಕಿ, ನಾವೂ ನೋಡ್ತೀವಿ" ಎಂದರು. ನಿನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದವಳು ನಾನು. ನೀನು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದೆ: "ಮೆಸೇಜ್ ಏನೂ ಬರಲ್ಲ ತಾನೇ?"

"ಆಫ್ ಮಾಡಿದೀನಿ" ಎಂದೆ.

ನೀನು ಪ್ರೀತಿಸುತ್ತಿದ್ದ ಆರ್.ಟಿ. ನಗರದ ಸಲ್ಮಾಳ ವಿಷಯ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. "ನಿನ್ ಮದ್ವೆ ಆಗ್ಲಿ ಕಣೇ, ಆಮೇಲೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ನಿನ್ ಸಂಬಂಧ ಮುರಿದ್ಹೋಗುತ್ತೆ" ಎಂದಿದ್ದೆ ನೀನು. ಆ ಮಾತೇ ನನ್ನಲ್ಲಿ ಕೂತುಬಿಟ್ಟಿತು. ಕಿರಣ ಕೆಟ್ಟವನಲ್ಲ — ನನಗೆ ಬೇಡವಾಗಿದ್ದ, ಅಷ್ಟೆ. ಬೇಡ ಎಂದು ಅಪ್ಪನ ಎದುರು ಹೇಳುವ ಧೈರ್ಯ — ಅದನ್ನು ಹುಡುಕಲೂ ಇಲ್ಲ. ಭಾನುವಾರ ಸಂಜೆ ಸಲ್ಮಾ ಮೆಸೇಜ್ ಮಾಡದೆ ಇರುವುದಿಲ್ಲ ಎಂದು ಮಾತ್ರ ತಿಳಿದಿತ್ತು.

"ಏನ್ ಭಾವ, ಮನೆಗ್ ಬಂದೋರ್ನ ಗೆಲ್ಲೋಕ್ ಬಿಡಲ್ವಾ?" ಕಿರಣ ರೇಗಿಸಿದ.

"ತಂಗೀನೇ ಕೊಡ್ತಿದೀವಲ್ಲ ಗುರು, ಮ್ಯಾಚೂ ಬೇಕಾ?" ಎಂದೆ ನೀನು. ಎಲ್ಲರೂ ನಕ್ಕರು.

ಆಗ ಬಂತು. ಟಿವಿಯ ಮೂಲೆಯಲ್ಲಿ ಸಲ್ಮಾಳ ಫೋಟೋ, ಹೆಸರು, ಅದರ ಕೆಳಗೆ ಒಂದು ಸಾಲು. ಕಿರಣನ ತಾಯಿ ಅದನ್ನು ಗಟ್ಟಿಯಾಗಿಯೇ ಓದಿದರು: "ನಿಮ್ಮಮ್ಮನ ಹತ್ರ ನಮ್ ಮದ್ವೆ ವಿಷ್ಯ ಯಾವಾಗ ಹೇಳ್ತೀಯಾ?"

ಕಿರಣನ ಮನೆಯವರು ಕೇಸರಿಬಾತ್ ಮುಟ್ಟದೆ ಎದ್ದುಹೋದರು. ಅಪ್ಪ ನಿನಗೆ ಮನೆ ಬಿಡು ಎಂದರು.

ವರ್ಷಗಳಾದವು. ತಣಿಸಂದ್ರದ ನಿನ್ನ ಮತ್ತು ಸಲ್ಮಾಳ ಮನೆಗೆ ಅಪ್ಪ ಕಾಲಿಟ್ಟಿಲ್ಲ. ನಿಮ್ಮ ಮಗಳ ಮುಖ ನೋಡಿಲ್ಲ. ಅಮ್ಮ ಈಗಲೂ "ತಂಗಿ ಬಾಳು ಹಾಳ್ ಮಾಡ್ದ" ಎನ್ನುತ್ತಾಳೆ, ನಾನು ಪಕ್ಕದಲ್ಲೇ ಕೂತು ಕೇಳುತ್ತೇನೆ. ನಾನು ಬಯಸಿದ್ದು ಒಂದು ಸಂಬಂಧ ಮುರಿಯಲಿ ಎಂದಷ್ಟೆ. ಆದರೆ —

ಆ ಭಾನುವಾರದ ಮರುದಿನ ಬೆಳಿಗ್ಗೆ ನೀನು ಬ್ಯಾಗು ಹಿಡಿದು ಗೇಟಿನ ಬಳಿ ನಿಂತಿದ್ದೆ. ಅತ್ತು ನಿನ್ನ ಕಣ್ಣು ಊದಿತ್ತು. "ನೀನ್ ಆಫ್ ಮಾಡಿದ್ದೆ, ನಾನೇ ಏನೋ ಒತ್ಬಿಟ್ಟೆ ಅನ್ಸುತ್ತೆ. ನನ್ನಿಂದ ನಿನ್ ಮದ್ವೆ ನಿಂತ್ಹೋಯ್ತು. ಕ್ಷಮಿಸ್ತೀಯೇನೇ?"

"ಹೋಗ್ಲಿ ಬಿಡಣ್ಣ" ಎಂದೆ. ನಿನ್ನನ್ನು ಕ್ಷಮಿಸಿದೆ.