ಎಷ್ಟು ಅಜ್ಜಿಯರು ಸೇರಿದರೆ ಒಂದು ಟಿಎಂಸಿ

ಆಗೆಲ್ಲ ನಮ್ಮೂರಿನಲ್ಲಿ ನೀರನ್ನು ಅಳೆಯಲು ಇದ್ದದ್ದು ಬಿಂದಿಗೆಯೊಂದೇ. ಹೋಳೂರಿನ ಕಡೆಯಿಂದ ಟ್ಯಾಂಕರ್ ಬಂದರೆ ಮನೆಗೆ ಎಂಟು ಬಿಂದಿಗೆ. ನೆಂಟರು ಬಂದರೂ ಎಂಟೇ. ಸಾಲದ್ದನ್ನು ಅಜ್ಜಿ ದೂರದ ತೋಟದ ಬಾವಿಯಿಂದ ಹೊತ್ತು ತರುತ್ತಿದ್ದಳು. ಕೆರೆ ಇತ್ತು, ನೀರಿರಲಿಲ್ಲ. ಬೇಸಿಗೆ ರಜೆ ಪೂರ್ತಿ ನಾವು ಅದರ ಅಂಗಳದಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದೆವು.

ನನಗೆ ಒಂಬತ್ತು ತುಂಬಿದ ವರ್ಷ ಚಿಕ್ಕಪ್ಪನ ಮಗಳು ಸುಜಾತ ರಜೆಗೆ ಬಂದಳು. ಚಿಕ್ಕಪ್ಪನಿಗೆ ದೂರದ ಯಾವುದೋ ಡ್ಯಾಮಿನಲ್ಲಿ ಕೆಲಸ. ಬಂದವಳೇ ಎರಡು ಬಿಂದಿಗೆ ನೀರು ಸುರಿದುಕೊಂಡು ಸ್ನಾನ ಮಾಡಿದಳು. ಅಮ್ಮ ಏನೂ ಅನ್ನಲಿಲ್ಲ. ನಾನಾಗಿದ್ದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಮಾರನೇ ದಿನ ಕೆರೆಯಂಗಳದಲ್ಲಿ ಕೂತು, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕಚ್ಚುತ್ತಾ ಅವಳು ಹೇಳಿದಳು: “ನಮ್ಮ ಡ್ಯಾಮಿನ ನೀರು ನೋಡಿದ್ರೆ ಹೆದರ್ಕೋತೀಯ ಕಣೇ. ಆಚೆ ದಡಾನೇ ಕಾಣಲ್ಲ.”

“ಎಷ್ಟು ಬಿಂದಿಗೆ ಇರುತ್ತೆ?” ಅಂದೆ.

ಬಿದ್ದುಬಿದ್ದು ನಕ್ಕಳು. “ಬಿಂದಿಗೇಲಿ ಯಾರಾದ್ರೂ ಅಳೀತಾರಾ? ಟಿಎಂಸಿ ಅಂತಾರೆ.”

“ಒಂದು ಟಿಎಂಸಿಗೆ ಎಷ್ಟು ಬಿಂದಿಗೆ, ಹೇಳು ನೋಡೋಣ.”

ಅದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಇಷ್ಟು ಜಂಬವೇ ಎಂದು ಜಡೆ ಹಿಡಿದೆಳೆದೆ. ಅಲ್ಲೇ ಒಲೆಗೆ ಪುಳ್ಳೆ ಆರಿಸುತ್ತಿದ್ದ ಅಜ್ಜಿ ಓಡಿ ಬಂದಳು.

“ಪಿಲ್ಲಲಾರಾ, ಬಿಡ್ರೇ ಸಾಕು!” ಸಿಟ್ಟು ಬಂದರೆ ಅಜ್ಜಿಗೆ ಮಕ್ಕಳನ್ನು ಕರೆಯಲೂ ಮೊದಲು ತೆಲುಗೇ ಬರುತ್ತಿತ್ತು.

ನಮ್ಮನ್ನು ಬಿಡಿಸಿ, ತೂಬಿನ ಕಲ್ಲುಕಂಬದಲ್ಲಿ ತನ್ನ ತಲೆಗಿಂತ ಮೇಲಿದ್ದ ಒಂದು ಗೀಟು ತೋರಿಸಿದಳು. “ಕೆರೆ ತುಂಬಿದಾಗ ನೀರು ಅಲ್ಲಿಗಿತ್ತು. ನಾನು ಈ ಮನೆಗೆ ಬಂದು ಐವತ್ತು ವರ್ಷ. ದಿನಕ್ಕೆ ಹತ್ತು ಬಿಂದಿಗೆ ಹೊತ್ತಿದ್ದೀನಿ. ಅಷ್ಟೂ ತಂದು ಇಲ್ಲಿ ಸುರಿದ್ರೆ ನಿಮ್ಮ ಕಾಲ್ಬೆರಳೂ ಮುಳುಗಲ್ಲ.”

ಇಬ್ಬರೂ ನಮ್ಮ ನಮ್ಮ ಕಾಲ್ಬೆರಳು ನೋಡಿಕೊಂಡೆವು.

“ಹಂಗಾದ್ರೆ ಒಂದು ಟಿಎಂಸಿಗೆ ಎಷ್ಟು ಜನ ಅಜ್ಜಿಯರು ಬೇಕು?” ಎಂದಳು ಸುಜಾತ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸೆರಗು ಜಾರಿದಾಗ ಸುಜಾತ ಅವಳ ನೆತ್ತಿ ಮುಟ್ಟಿದಳು. ಬಿಂದಿಗೆ ಕೂತು ಕೂತು ಅಲ್ಲಿ ಕೂದಲೇ ಇರಲಿಲ್ಲ.

“ನಮ್ಮನೆಗೆ ಬಾ ಅಜ್ಜಿ. ನಲ್ಲಿ ತಿರುಗಿಸಿದ್ರೆ ನೀರು. ಹೊರೋದೇ ಬೇಡ.”

ದಿನವೂ ನಾನು ನೋಡುತ್ತಿದ್ದ ನೆತ್ತಿ ಅದು. ಆ ಮಾತು ನನ್ನ ಬಾಯಲ್ಲಿ ಯಾಕೆ ಬರಲಿಲ್ಲ? “ಅಜ್ಜಿ ಎಲ್ಲಿಗೂ ಬರಲ್ಲ, ಹೋಗೇ!” ಎಂದು ಕಿರುಚಿದೆ. ಆದರೆ ಅಜ್ಜಿ ಹೋಗಲು ಒಪ್ಪಿಕೊಂಡಳು. ಸುಜಾತ ಹೊರಡುವ ದಿನ ಅಜ್ಜಿಯ ಬ್ಯಾಗನ್ನು ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟೆ. ಅಜ್ಜಿ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದಳು. “ನಮ್ಮ ಕೆರೆ ತುಂಬಲಿ, ಬಂದ್‌ಬಿಡ್ತೀನಿ ಕಣೇ” ಅಂದಳು. ಆ ವರ್ಷ ತುಂಬಲಿಲ್ಲ. ಅವಳು ಇದ್ದಷ್ಟು ವರ್ಷವೂ ತುಂಬಲಿಲ್ಲ.

ಈಗ ಬೆಂಗಳೂರಿನಲ್ಲಿ ಬಳಸಿ ಬಿಟ್ಟದ್ದನ್ನು ಶುದ್ಧೀಕರಿಸಿ ಪೈಪಿನಲ್ಲಿ ಹರಿಸಿದ ನೀರು ಕೆರೆ ತುಂಬಿಸಿದೆ. ಗೀಟು ಮುಳುಗಿದೆ. ಮೊನ್ನೆ ಏರಿಯ ಮೇಲೆ ಕೂತು ಮೊಬೈಲಿನಲ್ಲಿ ಲೆಕ್ಕ ಹಾಕಿದೆ: ಒಂದು ಟಿಎಂಸಿಗೆ ಹೆಚ್ಚುಕಮ್ಮಿ ಹತ್ತು ಸಾವಿರ ಅಜ್ಜಿಯರು. ಸುಜಾತಳಿಗೆ ಫೋನ್ ಮಾಡಿ ಹೇಳಿದೆ. ನಕ್ಕಳು. ಆಮೇಲೆ, “ಕೊನೇಲಿ ಅಜ್ಜಿ ನೆತ್ತೀಲಿ ಕೂದಲು ಮತ್ತೆ ಬಂದಿತ್ತು ಕಣೇ. ದಿನಾ ನಾನೇ ಬಾಚ್ತಿದ್ದೆ” ಅಂದಳು.

ಹತ್ತು ಸಾವಿರದಲ್ಲಿ ನನಗಿದ್ದದ್ದು ಒಬ್ಬಳು. ತುಂಬಿದ ಕೆರೆಯ ಪಕ್ಕದಲ್ಲೇ ಕೂತಿದ್ದೆ, ಆದರೂ ಹೊಟ್ಟೆ ಉರಿಯಿತು.