ತೊಟ್ಟು ಚಿವುಟದ ಎಡಗಡೆಯ ಹೂವು

ನನ್ನ ಹೆಂಡತಿ ಕೆಂಚಮ್ಮ ರೋಮ್, ಪ್ಯಾರಿಸ್, ಲಂಡನ್ ನೋಡಬೇಕಾಗಿತ್ತು. ನೋಡಲಿಲ್ಲ. ದೇವರು ಬೇಡವೆಂದ, ಅದಕ್ಕೇ ಹೋಗಲಿಲ್ಲ ಎಂದು ಅವಳು ಇವತ್ತಿಗೂ — ಇಲ್ಲ, ಮೊನ್ನೆಯವರೆಗೂ — ನಂಬಿದ್ದಳು. ಬೇಡವೆಂದವನು ದೇವರಲ್ಲ, ನಾನು. ದೇವರ ಮೈಮೇಲೆ ಕೈಯಾರೆ ಮೋಸದ ಹೂವಿಟ್ಟು, ಅವನ ಹೆಸರಿನಲ್ಲಿ ಅವಳನ್ನು ತಡೆದವನು ನಾನು.

ನಮ್ಮ ಹಟ್ಟಿಯ ರೀತಿ ಓದುವವರಿಗೆ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಹಿರಿಯೂರು ತಾಲ್ಲೂಕು, ಆದಿವಾಲದ ಹತ್ತಿರ. ಕುರಿ ಕಾಯುವವರು, ಹೊಲ ಮಾಡುವವರು, ಕಂಬಳಿ ನೇಯುವವರು. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಹಿಂಡನ್ನು ದೂರದ ಸೀಮೆಗೆ ಹೊಡೆದುಕೊಂಡು ಹೋಗುವುದಿರಲಿ — ಮೊದಲು ಬೀರೇದೇವರಲ್ಲಿ ಹೂವು ಕೇಳಬೇಕು. ದೇವರ ಕಲ್ಲಿಗೆ ನೀರು ಸವರಿ ಎಡಕ್ಕೊಂದು ಬಲಕ್ಕೊಂದು ಕಣಗಿಲೆ ಹೂವು ಅಂಟಿಸಿ, ಎದುರಿಗೆ ಕೂತು ಕಾಯುವುದು. ಬಲಗಡೆಯದು ಮೊದಲು ಉದುರಿದರೆ ದೇವರು ಹೂಂ ಎಂದ. ಎಡಗಡೆಯದು ಉದುರಿದರೆ ಬೇಡ ಎಂದ. ಅದರ ಮೇಲೆ ಇನ್ನೊಂದು ಮಾತಿಲ್ಲ.

ಆ ಪೂಜೆ ನಮ್ಮ ಮನೆತನದ್ದು. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ಊರ ಶಾಲೆಯಲ್ಲಿ ನಾನು ಮೇಷ್ಟ್ರು, ಸೋಮವಾರ ಬೆಳಗ್ಗೆ ಪೂಜಾರಿ. ಅಪ್ಪ ನನಗೆ ಮಂತ್ರವೇನೂ ಕಲಿಸಲಿಲ್ಲ, ಅವನಿಗೂ ಬರುತ್ತಿರಲಿಲ್ಲ. ಕಲಿಸಿದ್ದು ಒಂದೇ. "ಎರಡೂ ಹೂವು ಒಂದೇ ತೂಕ ಇರ್ಬೇಕಲೇ. ಎರಡರ ತೊಟ್ಟೂ ಬುಡಕ್ಕೇ ಚಿವುಟು. ನೀರು ಎರಡೂ ಕಡೀಕೆ ಒಂದೇ ಸಮ ಸವರು. ಅಷ್ಟು ನಮ್ಮ ಕೆಲ್ಸ. ಮುಂದಿಂದು ಅವಂದು." ಅವನು ಸಾಯುವವರೆಗೂ ಅಷ್ಟು ಕೆಲಸವನ್ನು ಸರಿಯಾಗಿ ಮಾಡಿದ. ನನಗೆ ಅಷ್ಟೂ ಆಗಲಿಲ್ಲ.

ಎಪ್ಪತ್ತಾರನೇ ಇಸವಿಯೋ ಎಪ್ಪತ್ತೇಳೋ ಇರಬೇಕು. ಚಿತ್ರದುರ್ಗದ ಕಂಬಳಿ ಸಂಘದ ಸಾಹೇಬರೊಬ್ಬರು ಜೀಪಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಹೊರದೇಶದ ಮೂರು ದೊಡ್ಡ ಪಟ್ಟಣಗಳಲ್ಲಿ ನಮ್ಮ ದೇಶದ ಕೈಕೆಲಸ ತೋರಿಸುತ್ತಾರಂತೆ. ಬೆತ್ತ ಹೆಣೆಯುವವರು, ಮಡಕೆ ಮಾಡುವವರು ಎಲ್ಲ ಹೋಗುತ್ತಾರೆ. ಉಣ್ಣೆ ನೂಲಿ ತೋರಿಸಲು ಒಬ್ಬ ಹೆಣ್ಣುಮಗಳು ಬೇಕು, ಕೆಂಚಮ್ಮನೇ ಆಗಬೇಕು ಎಂದರು. ಕೆಂಚಮ್ಮನ ನೂಲು ಅಂಥದ್ದು. ಕುರಿಯ ಕರಿ ಉಣ್ಣೆ ಅವಳ ಬೆರಳ ಸಂದಿಯಲ್ಲಿ ಎಲ್ಲೂ ಗಂಟಾಗದೆ ಇಳಿಯುತ್ತಿತ್ತು, ಕಣ್ಣು ಬೇರೆಲ್ಲೋ, ಬಾಯಿ ಮಗಳನ್ನು ಗದರುತ್ತಲೋ ಇರುತ್ತಿತ್ತು. ಸಾಹೇಬರು ಹೋದ ಮೇಲೆ ಅವಳು ನನ್ನ ಮುಖ ನೋಡಿದಳು. ನಾನು ನಕ್ಕೆ. "ಹೋಗಿ ಬಾ" ಎಂದೆ. ಆ ದಿನ ಅದು ಸುಳ್ಳಾಗಿರಲಿಲ್ಲ — ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ, ಆದದ್ದು ಹಾಗೆ.

ಆಮೇಲೆ ಶುರುವಾಯಿತು ನಮ್ಮ ತಯಾರಿ. ಶಾಲೆಯಿಂದ ಭೂಪಟ ತಂದು ಪಡಸಾಲೆಯ ಗೋಡೆಗೆ ತೂಗು ಹಾಕಿದೆ. ಸಂಜೆ ರೊಟ್ಟಿ ತಟ್ಟುವುದು ಮುಗಿಸಿ ಅವಳು ಬಂದು ಕೂರುತ್ತಿದ್ದಳು, ಪಕ್ಕದಲ್ಲಿ ನಮ್ಮ ಮಗಳು ಲಕ್ಷ್ಮಿ, ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ನಾನು ಕೋಲು ಹಿಡಿದು ತೋರಿಸುತ್ತಿದ್ದೆ. ಮೊದಲು ರೋಮ್, ಅಲ್ಲಿ ನೀರು ಮೇಲಕ್ಕೆ ಚಿಮ್ಮುವ ಕಲ್ಲಿನ ಕೊಳಗಳಿವೆ. ಆಮೇಲೆ ಪ್ಯಾರಿಸ್, ಅಲ್ಲಿ ಕಬ್ಬಿಣದ ಗೋಪುರ. ಕೊನೆಗೆ ಲಂಡನ್, ಊರ ನಡುವೆ ಹೊಳೆ.

"ಪ್ಯಾರೀಸಿಂದ ಲಂಡನ್ನಿಗೆ ಏಸು ದೂರ ಐತ್ರಿ? ಹಿರಿಯೂರಿಂದ ಹೊಳಲ್ಕೆರೆಗೆ ಹೋದಂಗಾ?"

"ಅದಕ್ಕಿಂತ ದೂರ. ನಡುವೆ ಸಮುದ್ರ ಬೇರೆ ಐತೆ."

"ಸಮುದ್ರದ ಮ್ಯಾಲೆ ಹೋಗೋವಾಗ ನಾನು ಕಣ್ಣು ಮುಚ್ಕಂತೀನಿ. ರೋಮಿನಾಗೆ ಮಾತ್ರ ಬಿಟ್ಕಂಡಿರ್ತೀನಿ."

ಹುರಿಹಿಟ್ಟು ಎಷ್ಟು, ಮೆಣಸಿನಪುಡಿ ಎಷ್ಟು, ಚಳಿಗೆ ಯಾವ ಕಂಬಳಿ ಎಂದು ದಿನಕ್ಕೊಂದು ಲೆಕ್ಕ. ಅಲ್ಲಿ ಬರಿಗಾಲಲ್ಲಿ ನಡೆಯಲಾಗದು ಎಂದು ಹಿರಿಯೂರಿನಲ್ಲಿ ಬಿಳಿ ಕ್ಯಾನ್ವಾಸ್ ಬೂಟ್ಸು ಕೊಡಿಸಿದೆ. ಅವನ್ನು ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದಳು. ಹಟ್ಟಿಯ ಹೆಂಗಸರು ನಿಂತು ನೋಡಿ, "ಏನವ್ವ ಕೆಂಚಮ್ಮ, ದೊರೆಸಾನಿ ಆಗ್ಬಿಟ್ಟೆ" ಎಂದು ಕಿಚಾಯಿಸುತ್ತಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆ ನಗು ನನಗೆ ಇನ್ನೂ ಕಾಣುತ್ತದೆ. ಆಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಲಿಲ್ಲ.

ಯಾವಾಗ ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು — ಸರಿಯಾಗಿ ಹೇಳಲಾರೆ. ಪಾಸ್‌ಪೋರ್ಟಿನ ಫೋಟೋ ತೆಗೆಸಲು ಚಿತ್ರದುರ್ಗಕ್ಕೆ ಹೋದ ದಿನ ಸಂಘದ ಕಚೇರಿಯಲ್ಲಿ ಅವಳಿಗೆ ಕುರ್ಚಿ ಹಾಕಿ, "ಕುಂತ್ಕಳ್ರಿ ಅಮ್ಮ" ಎಂದರು. ನಾನು ಬಾಗಿಲ ಬಳಿ ನಿಂತಿದ್ದೆ. ಗುಮಾಸ್ತ ನನ್ನತ್ತ ತಿರುಗಿ, "ನೀವು ಯಾರ್ರಿ?" ಎಂದ. ಅಷ್ಟೇ ಅವನು ಕೇಳಿದ್ದು, ಅದರಲ್ಲಿ ತಪ್ಪೇನೂ ಇರಲಿಲ್ಲ. ವಾಪಸು ಬರುವಾಗ ಹಿರಿಯೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಪರಿಚಯದವನೊಬ್ಬ, "ಏನಪ್ಪ ಮೇಷ್ಟ್ರೇ, ಎಂಡ್ತಿ ಲಂಡನ್ನಿಗೆ, ನೀವು ರೊಟ್ಟಿ ತಟ್ಟಾಕೆ" ಎಂದ. ಎಲ್ಲರೂ ನಕ್ಕರು, ನಾನೂ ಹಲ್ಲು ಕಿರಿದೆ.

ನಿಜ ಹೇಳಬೇಕೆಂದರೆ ಆ ಪಟ್ಟಣಗಳು ನನ್ನವಾಗಿದ್ದವು. ಎಷ್ಟೋ ವರ್ಷ ಅದೇ ಕೋಲು, ಅದೇ ಭೂಪಟ. ಮಕ್ಕಳಿಗೆ ರೋಮ್ ತೋರಿಸುವಾಗ ನಾನು ಅಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ, ಯಾರಿಗೂ ಗೊತ್ತಿರಲಿಲ್ಲ. ನಾನೋ ಬೆಂಗಳೂರನ್ನೇ ಸರಿಯಾಗಿ ನೋಡಿದವನಲ್ಲ. ಈಗ ಸಹಿ ಹಾಕಲು ನನ್ನಿಂದ ಕಲಿತ ಹೆಂಗಸು, ಭೂಪಟದಲ್ಲಿ ನೀಲಿ ಬಣ್ಣ ಆಕಾಶವೆಂದುಕೊಂಡಿದ್ದ ಹೆಂಗಸು, ನನ್ನ ಊರುಗಳಿಗೆ ಹೋಗುತ್ತಾಳೆ. ಬಂದು ನನಗೇ ಹೇಳುತ್ತಾಳೆ — ಅದು ಹಾಗಿಲ್ಲರೀ, ಹೀಗೈತೆ ಎಂದು. ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತಿತ್ತು. ಇಷ್ಟು ಕೀಳು ಕಾರಣ. ಬೇರೆ ದೊಡ್ಡ ಕಾರಣವಿದ್ದಿದ್ದರೆ ಬರೆಯುವುದಕ್ಕಾದರೂ ಸುಲಭವಾಗುತ್ತಿತ್ತು.

ಬೇಡ ಎಂದು ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿರಲಿಲ್ಲ. ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದು ಊರು ಆಡಿಕೊಂಡೀತು. ಒಂದು ಸಂಜೆ, ಅವಳು ಹುರಿಹಿಟ್ಟಿಗೆ ಕಡಲೆ ಹುರಿಯುತ್ತಿದ್ದಾಗ, ಏನೂ ಅಲ್ಲವೆಂಬಂತೆ, "ಸಮುದ್ರ ದಾಟೋ ಕೆಲ್ಸ. ಸೋಮವಾರ ಹೂವು ಕೇಳಿಬಿಡಾಣ" ಎಂದೆ.

ಅವಳು ತಿರುಗಿ ನೋಡಿದಳು. "ಕೇಳೋದೇನೈತ್ರಿ. ನೀವೇ ಹೂಂ ಅಂದ ಮ್ಯಾಲೆ ನಂಗೆ ಅಷ್ಟು ಸಾಕು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಣಲೆಯಲ್ಲಿ ಕಡಲೆ ಸಿಡಿಯುತ್ತಿತ್ತು, ಅವಳು ನನ್ನ ಮೇಲೆ ಅಷ್ಟು ಭಾರ ಹಾಕಿ ಮತ್ತೆ ಒಲೆಯತ್ತ ತಿರುಗಿದ್ದಳು. "ಇಲ್ಲ, ಕೇಳೋದೇ ಸರಿ" ಎಂದೆ. ನನ್ನ ಅವ್ವ ಒಳಗಿನಿಂದ, "ಹೌದವ್ವ, ಕೇಳಿಬಿಡ್ರಿ, ಒಳ್ಳೇದು" ಎಂದಳು. ಅವ್ವನಿಗೆ ಏನು ಗೊತ್ತು.

ಸೋಮವಾರ ಬೆಳಗ್ಗೆ ಹಟ್ಟಿಯವರೆಲ್ಲ ಗುಡಿಯ ಮುಂದೆ ಸೇರಿದ್ದರು. ಕೆಂಚಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಬಂದು, ಕೈ ಮುಗಿದು ನನ್ನ ಹಿಂದೆ ನಿಂತಳು. ಎರಡು ಹೂವು ತೆಗೆದುಕೊಂಡೆ. ಬಲಗಡೆಯದರ ತೊಟ್ಟು ಬುಡಕ್ಕೇ ಚಿವುಟಿದೆ. ಎಡಗಡೆಯದರದ್ದು — ಚಿವುಟಲಿಲ್ಲ. ಉದ್ದನೆಯ ತೊಟ್ಟು ಹಾಗೇ ಉಳಿಸಿ, ಕಾಣದ ಹಾಗೆ ಕಲ್ಲಿನ ಮಡಿಕೆಯ ಕಡೆ ತಿರುಗಿಸಿ ಅಂಟಿಸಿದೆ, ಅದರ ಭಾರಕ್ಕೆ ಆ ಹೂವೇ ಮೊದಲು ಜಾರುತ್ತದೆ. ಆ ಕಡೆಗೆ ನೀರೂ ಕಡಿಮೆ ಸವರಿದೆ. ನನ್ನ ಬೆನ್ನು ಎಲ್ಲರಿಗೂ ಅಡ್ಡ ಇತ್ತು. ಕೈ ನಡುಗಿತೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ಅಪ್ಪ ಕಲಿಸಿದ ಕೈ, ಬಹಳ ಚೊಕ್ಕವಾಗಿ ಕೆಲಸ ಮಾಡಿತು.

ಎಡಗಡೆಯ ಹೂವು ಬಿತ್ತು. ಬಿದ್ದ ಹೂವನ್ನು ನಾನೇ ಎತ್ತಿ, ಮುಷ್ಟಿಯೊಳಗೇ ತೊಟ್ಟು ಮುರಿದು, ಅದನ್ನೇ ಅವಳ ಅಂಗೈಗೆ ಪ್ರಸಾದವೆಂದು ಹಾಕಿದೆ. ಅವಳು ಕಣ್ಣಿಗೊತ್ತಿಕೊಂಡಳು.

"ಬಿಡ್ರಿ, ಅವನಿಗೆ ಮನಸ್ಸಿಲ್ಲ" ಎಂದಳು. ಮನೆಗೆ ಬಂದು ಹೊಸ್ತಿಲ ಬಳಿ ನಿಂತು, ನನ್ನನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ, "ನನ್ನಾಗೆ ಏನು ತಪ್ಪು ಕಂಡ್ನೋ" ಎಂದಳು.

ಅವಳ ಬದಲಿಗೆ ಹೊಳಲ್ಕೆರೆ ಕಡೆಯ ನಿಂಗಮ್ಮ ಎಂಬಾಕೆ ಹೊರಟಳು. ಕೆಂಚಮ್ಮ ಅವಳನ್ನು ಮನೆಗೆ ಕರೆಸಿಕೊಂಡು, ತಾನು ಹುರಿದಿಟ್ಟ ಹಿಟ್ಟು ಕಟ್ಟಿಕೊಟ್ಟಳು, ತನ್ನ ಬೂಟ್ಸೂ ಕೊಟ್ಟಳು. ನಿಂಗಮ್ಮ ತಿರುಗಿ ಬಂದಾಗ ಬೂಟ್ಸು ಕೊಡಲೆಂದು ನಮ್ಮಲ್ಲಿಗೆ ಬಂದಳು. ಹಿಮ್ಮಡಿ ಸವೆದಿತ್ತು, ಬಿಳಿ ಬಟ್ಟೆ ಮಾಸಿತ್ತು. ಕೆಂಚಮ್ಮ ಅವಳನ್ನು ಕೂರಿಸಿಕೊಂಡು ಕೇಳಿದ್ದೇ ಕೇಳಿದ್ದು. "ರೋಮಿನಾಗೆ ನೀರು ಚಿಮ್ಮೋ ಕೊಳ ಐತಂತಲ್ಲ, ನೋಡಿದ್ಯಾ? ಲಂಡನ್ನಿನ ಹೊಳೇನಾಗೆ ನೀರು ಜಾಸ್ತಿ ಐತಾ, ನಮ್ಮ ವೇದಾವತೀನಾಗಾ?" ನಾನು ಹೇಳಿಕೊಟ್ಟ ಒಂದನ್ನೂ ಅವಳು ಮರೆತಿರಲಿಲ್ಲ. ನಿಂಗಮ್ಮ ಹೋದ ಮೇಲೆ ಬೂಟ್ಸನ್ನು ಸೀಗೆಪುಡಿ ಹಾಕಿ ತೊಳೆದು, ಒಣಗಿಸಿ, ಗೂಡಿನಲ್ಲಿಟ್ಟಳು. "ನಾನು ಹೋಗ್ದಿದ್ರೇನು, ಇವಾದ್ರೂ ನೋಡ್ಕಂಡ್ ಬಂದ್ವಲ್ಲ" ಎಂದಳು. ನಾನು ಅಲ್ಲಿಂದೆದ್ದು ಹೊಲಕ್ಕೆ ಹೋದೆ. ಅಳಲಿಲ್ಲ. ಅಳುವ ಯೋಗ್ಯತೆ ಬೇಕಲ್ಲ.

ತನ್ನ ತಪ್ಪು ಯಾವುದೆಂದು ಅವಳು ಹುಡುಕಿ ಹುಡುಕಿ, ಕಡೆಗೆ ಒಂದನ್ನು ಗೊತ್ತು ಮಾಡಿಕೊಂಡಳು. ಸಂಘದ ಅವಸರದ ಕೆಲಸಕ್ಕಾಗಿ ಕೆಲವು ಸೋಮವಾರ, ದೇವರ ವಾರ, ನೂಲಿದ್ದಳಂತೆ. ನೂಲು ಹೊಗಳಿದಾಗ ಒಳಗೊಳಗೇ ಜಂಬಪಟ್ಟಿದ್ದಳಂತೆ. ಮೊದಲು ಸೋಮವಾರ ನೂಲುವ ಕದಿರು ಮುಟ್ಟುವುದು ಬಿಟ್ಟಳು. ಆಮೇಲೆ ಯಾರಾದರೂ ಹೊಗಳಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ ಎದ್ದುಬಿಡುತ್ತಿದ್ದಳು. ಕೊನೆಗೆ ಕದಿರನ್ನೇ ಅಟ್ಟಕ್ಕೆ ಹಾಕಿದಳು. ಸಂಘದವರು ಬಂದು ಎಷ್ಟು ಕೇಳಿಕೊಂಡರೂ ಕೇಳಲಿಲ್ಲ. ಆ ಸೀಮೆಯಲ್ಲೇ ಇಲ್ಲದ ಕೈ ಅದು, ಹೋಯಿತು. ಒಂದು ತೊಟ್ಟಿನಿಂದ ನಾನು ಒಂದು ಪ್ರಯಾಣ ಮಾತ್ರ ಕಿತ್ತುಕೊಂಡೆ ಎಂದುಕೊಂಡಿದ್ದೆ.

ಹೇಳಬಹುದಿತ್ತು. ಇಷ್ಟು ವರ್ಷಗಳಲ್ಲಿ ಯಾವ ದಿನ ಬೇಕಾದರೂ. ನಾಲಿಗೆಯ ತುದಿಗೆ ಬಂದು — ಹೇಳಿದರೆ ಅವಳು ನನ್ನನ್ನು ಹೇಗೆ ನೋಡುತ್ತಾಳೋ ಎಂದು ನುಂಗಿಕೊಂಡೆ. ಅವಳು ತನ್ನನ್ನೇ ಕೆಟ್ಟವಳೆಂದುಕೊಂಡು ಬದುಕಿದರೂ ಚಿಂತೆಯಿಲ್ಲ, ನಾನು ಒಳ್ಳೆಯವನಾಗಿ ಕಂಡರೆ ಸಾಕಾಗಿತ್ತು. ಊರಿನವರು, ಮೇಷ್ಟ್ರ ಕೈಯಲ್ಲಿ ದೇವರು ಸುಳ್ಳು ಹೇಳಲ್ಲ, ಹೆಂಡ್ತಿ ಅಂತಾನೂ ನೋಡ್ಲಿಲ್ಲ ಎನ್ನುತ್ತಿದ್ದರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಈಗ ಅವಳ ಎರಡೂ ಕಣ್ಣಿಗೆ ಪೊರೆ. ಹೊಸದುರ್ಗಕ್ಕೆ ಕೊಟ್ಟಿರುವ ಮಗಳು ಲಕ್ಷ್ಮಿ ಬಂದು, "ಚಿತ್ರದುರ್ಗದಾಗೆ ಆಪರೇಷನ್ ಮಾಡಿಸಾಣ ಅವ್ವ, ಹಿಂಗೇ ಬಿಟ್ರೆ ಪೂರಾ ಕಾಣಂಗಿಲ್ಲ ಅಂತಾರೆ" ಎಂದಳು. ದೇವರ ಅಪ್ಪಣೆಯಿಲ್ಲದೆ ಕಣ್ಣಿಗೆ ಕತ್ತಿ ತಾಗಿಸಿಕೊಳ್ಳಲು ಕೆಂಚಮ್ಮನಿಗೆ ಮನಸ್ಸಿಲ್ಲ. ಹಾಗಾದರೆ ಅಪ್ಪ ಹೂವು ಕೇಳಲಿ ಎಂದಳು ಮಗಳು.

"ನನ್ನ ಹೆಸರಾಗೆ ಕೇಳಬ್ಯಾಡ್ರವ್ವ. ಅವನು ನಂಗೆ ಬಲಗಡೆ ಕೊಡಲ್ಲ" ಎಂದಳು ಕೆಂಚಮ್ಮ.

ಮೊನ್ನೆ ಬೆಳಗ್ಗೆ ಒಬ್ಬನೇ ಗುಡಿಗೆ ಹೋಗಿ ಎರಡು ಕಣಗಿಲೆ ಕಿತ್ತೆ. ಒಂದರ ತೊಟ್ಟು ಚಿವುಟಿದೆ, ಇನ್ನೊಂದರದ್ದು ಬಿಟ್ಟೆ. ಈ ಸಲ ತೊಟ್ಟು ಇರುವುದನ್ನು ಬಲಗಡೆಗೆ ಅಂಟಿಸಿ, ಅವಳನ್ನು ಕರೆದು ಕೂರಿಸಿದರೆ ಮುಗಿಯಿತು. ಅವಳ ಕಣ್ಣೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಕಲ್ಲಿಗೆ ನೀರು ಸವರಿಯೂ ಆಗಿತ್ತು. ಬೇಡ ಎನ್ನಲೂ ನಾನೇ, ಹೂಂ ಎನ್ನಲೂ ನಾನೇ, ಅವಳು ಮಾತ್ರ ಸಾಯುವವರೆಗೂ ಕೈ ಮುಗಿದುಕೊಂಡು ನನ್ನ ಹಿಂದೆ ನಿಂತಿರಬೇಕು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಎರಡೂ ಹೂವು ಹಿಡಿದುಕೊಂಡು ಮನೆಗೆ ಬಂದೆ.

ಅವಳು ಜಗುಲಿಯ ಮೇಲೆ ಕೂತಿದ್ದಳು. ಅವಳ ಅಂಗೈ ಬಿಡಿಸಿ ಎರಡನ್ನೂ ಇಟ್ಟು, ನಡೆದದ್ದನ್ನು ಹೇಳಿದೆ. ಬಸ್‌ಸ್ಟ್ಯಾಂಡಿನ ಹೋಟೆಲು, ಭೂಪಟ, ನೀರು, ತೊಟ್ಟು — ಒಂದನ್ನೂ ಬಿಡಲಿಲ್ಲ. ಕ್ಷಮಿಸು ಎಂದು ಕೇಳಲಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳಲಿ.

ಅವಳು ತೊಟ್ಟು ಇದ್ದ ಹೂವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಹಿಂದೆ ನೂಲು ನೋಡುತ್ತಿದ್ದಂತೆ, ಮೆಲ್ಲಗೆ ಹೊರಳಿಸಿದಳು. ತೊಟ್ಟಿನ ಉದ್ದಕ್ಕೂ ಬೆರಳಾಡಿಸಿದಳು.

"ಇಷ್ಟೇನಾ?" ಎಂದಳು.

ಆಮೇಲೆ ಮಗಳನ್ನು ಕರೆದಳು. "ಲಕ್ಷ್ಮೀ, ನಾಳೇನೇ ಹೋಗಾಣ ಆಸ್ಪತ್ರೆಗೆ. ಹೂವು ಕೇಳೋದು ಏನೂ ಬ್ಯಾಡ." ನಾನೂ ಬರುತ್ತೇನೆ, ಚೀಲ ಹಿಡಿದುಕೊಳ್ಳಲಿಕ್ಕಾದರೂ — ಎಂದೆ. "ನೀವು ಬ್ಯಾಡ್ರಿ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅದನ್ನೇ ಹಿಡಿದುಕೊಂಡು ಇರುತ್ತಿದ್ದೆ.

ನಿನ್ನೆ ಬೆಳಗಿನ ಬಸ್ಸಿಗೆ ತಾಯಿ ಮಗಳು ಹೋದರು. ಬರುವ ಸೋಮವಾರ ಗುಡಿಯ ಮುಂದೆ ಹಟ್ಟಿಯವರಿಗೆಲ್ಲ ಇದನ್ನೇ ಹೇಳಿ, ಪೂಜೆ ಬಿಡುತ್ತೇನೆ. ಅವರು ಏನು ಬೇಕಾದರೂ ಅನ್ನಲಿ. ತೊಟ್ಟು ಚಿವುಟಿದ ಹೂವು ಜಗುಲಿಯ ಮೇಲೆ ಬಾಡಿ ಬಿದ್ದಿದೆ. ಇನ್ನೊಂದನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿದ್ದಾಳೆ.